ಹೊಕ್ಕುಳ ಕಿತ್ತಳೆಯ ತಾಯಿ: ಎಲೈಜಾ ಟಿಬೆಟ್ಸ್ ಅಮ್ಮನವರು

(ಮಹೋತ್ಸವದ ಕೃಷಿಕರ ಹಾಗೂ ಮಹಿಳೆಯರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಗೋಷ್ಠಿಯು ತೋಟಗಾರರದೂ ಹೌದು, ತಾಯಂದಿರದೂ ಹೌದು. ಇಬ್ಬರಿಗೂ ಸಲ್ಲುವ ಚರಿತ್ರೆಯೊಂದನ್ನು ಹೇಳಬೇಕೆಂದು ಅಪ್ಪಣೆಯಾದಾಗ ನನ್ನ ಮನಸ್ಸಿಗೆ ಬಂದುದು ದೂರದೇಶದ ಒಬ್ಬ ಸ್ತ್ರೀಯ ಚರಿತ್ರೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಸಮುದ್ರತೀರದಲ್ಲಿ ಕ್ಯಾಲಿಫೋರ್ನಿಯಾ ಎಂಬ ಪ್ರಾಂತವಿದೆಯಷ್ಟೆ. ಆ ಪ್ರಾಂತದ ದಕ್ಷಿಣಭಾಗವು ಒಂದು ಕಾಲಕ್ಕೆ ಕುರಿ ದನಗಳು ಮೇಯುವ ಬಯಲಾಗಿತ್ತು. ಅದು ಕಿತ್ತಳೆಯ ನಾಡೆಂದು ಲೋಕಪ್ರಸಿದ್ಧವಾಗುವುದಕ್ಕೆ ಮುಖ್ಯ ಕಾರಣವಾದುದು ಒಂದು ಮನೆಯ ಅಂಗಳದಲ್ಲಿ ಬೆಳೆದ ಎರಡು ಗಿಡಗಳು. ಆ ಗಿಡಗಳನ್ನು ಬೇಡಿ ತರಿಸಿಕೊಂಡು, ನೀರೆರೆದು, ಉಳಿಸಿದವರು ಎಲೈಜಾ ಲೋವೆಲ್ ಟಿಬೆಟ್ಸ್ ಎಂಬ ಅಮ್ಮನವರು. ಗಿಡ ನೆಡುವುದಕ್ಕೆ ಮೊದಲೇ ಅವರು ಸ್ತ್ರೀಯರ ಹಕ್ಕಿಗಾಗಿಯೂ ಕರಿಯ ಜನರ ಸಮಾನತೆಗಾಗಿಯೂ ನಿಂತು ನಿಂದೆಯನ್ನು ಸಹಿಸಿದ್ದವರು. ಈ ಎರಡು ಮುಖಗಳನ್ನೂ ಒಟ್ಟಿಗೆ ನೋಡಿದ ಹೊರತು ಅವರ ಜೀವನದ ಮರ್ಮವು ತಿಳಿಯದು.

ಪರಂತು ಚರಿತ್ರೆಗೆ ಕೈಹಾಕುವ ಮುನ್ನ ಒಂದು ಮಾತನ್ನು ಹೇಳಬೇಕು. ಪಾಠಶಾಲೆಯಲ್ಲಿ ತರ್ಕಗ್ರಂಥಗಳನ್ನು ಓದುವಾಗ ನಾವು ಐತಿಹ್ಯವೆಂಬುದನ್ನೂ ಆಪ್ತವಾಕ್ಯವೆಂಬುದನ್ನೂ ಬೇರ್ಪಡಿಸಿ ಕಲಿಯುತ್ತೇವೆ. ಮೊದಲು ಹೇಳಿದವನು ಯಾರೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಮಾತು ಐತಿಹ್ಯ. ವಿಷಯವನ್ನು ತಾನೇ ಬಲ್ಲವನಾಗಿ, ಇದ್ದುದನ್ನು ಇದ್ದಂತೆ ಹೇಳಬೇಕೆಂಬ ಇಚ್ಛೆಯುಳ್ಳವನ ಮಾತು ಆಪ್ತವಾಕ್ಯ. ಟಿಬೆಟ್ಸ್ ಅಮ್ಮನವರ ಚರಿತ್ರೆಯಲ್ಲಿ ಈ ಎರಡೂ ಬಳ್ಳಿಗಳಂತೆ ಹೆಣೆದುಕೊಂಡಿವೆ. ಪ್ರೀತಿಯಿಂದ ಕಟ್ಟಿದ ಕಥೆಗಳು ಬಹಳ. ಕಥೆಗಳನ್ನು ಬದಿಗಿಟ್ಟರೆ ಅವರ ಮಹಿಮೆ ಕುಗ್ಗೀತೆಂದು ಕೆಲವರಿಗೆ ಭಯವಿರಬಹುದು. ಕಥೆಗಳನ್ನು ಬದಿಗಿಟ್ಟ ಮೇಲೆ ಉಳಿಯುವುದೇ ಹೆಚ್ಚಿನದೆಂದು ತೋರಿಸುವುದು ನನ್ನ ಇಂದಿನ ಉದ್ದೇಶವಾಗಿದೆ.

ಎಲೈಜಾ ಅವರು 1823ನೆಯ ಇಸವಿಯಲ್ಲಿ ಓಹಾಯೋ ಪ್ರಾಂತದ ಸಿನ್ಸಿನಾಟಿ ಎಂಬ ಪಟ್ಟಣದಲ್ಲಿ ಹುಟ್ಟಿದರು. ಆ ಪಟ್ಟಣವು ಓಹಾಯೋ ನದಿಯ ದಡದಲ್ಲಿರುವುದು. ನದಿಯ ಈಚೆಗೆ ದಾಸ್ಯವಿಲ್ಲದ ನಾಡು. ಆಚೆಯ ದಡದಲ್ಲಿ ಮನುಷ್ಯರನ್ನು ಕೊಂಡು ಮಾರುವ ಕೆಂಟಕಿ ಪ್ರಾಂತ. ಬಾಲ್ಯದಿಂದಲೂ ಕಣ್ಣೆದುರಿಗೆ ಇಂತಹ ಎರಡು ದಡಗಳನ್ನು ನೋಡುತ್ತ ಬೆಳೆದವರಿಗೆ ಧರ್ಮಾಧರ್ಮಗಳ ವಿಚಾರವು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಅವರ ತಂದೆತಾಯಿಗಳು ಸ್ವೀಡನ್‌ಬೋರ್ಗ್ ಎಂಬ ತತ್ತ್ವಜ್ಞನ ಪಂಥಕ್ಕೆ ಸೇರಿದವರು. ಮುಂದೆ ಎಲೈಜಾ ಅವರು ಮೃತರ ಆತ್ಮಗಳೊಡನೆ ಸಂಭಾಷಿಸಬಹುದೆಂದು ನಂಬುವ ಮತವನ್ನು ಅವಲಂಬಿಸಿದರು. ಆ ಮತವನ್ನು ನಾವು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಸ್ತ್ರೀಯರು ಸಭೆಯಲ್ಲಿ ಬಾಯಿ ತೆರೆಯಬಾರದೆಂದು ಉಳಿದ ಪಂಥಗಳು ಬಹುಮಟ್ಟಿಗೆ ನಿಯಮಿಸಿದ್ದ ಆ ದಿನಗಳಲ್ಲಿ, ಈ ಮತದವರ ಸಭೆಗಳಲ್ಲಿ ಹೆಂಗಸರು ವೇದಿಕೆಯ ಮೇಲೆ ನಿಂತು ಮಾತನಾಡುತ್ತಿದ್ದರು. ದಾಸ್ಯವಿಮೋಚನೆ, ಸ್ತ್ರೀಸ್ವಾತಂತ್ರ್ಯ ಮೊದಲಾದ ಸುಧಾರಣೆಗಳಲ್ಲಿ ಮುಂದಾದವರು ಇಂತಹ ಕೂಟಗಳಿಂದ ಅನೇಕರು ಬಂದರೆಂಬುದನ್ನು ಇತಿಹಾಸಕಾರರು ಒಪ್ಪಿದ್ದಾರೆ.

ಅವರ ಸಂಸಾರಜೀವನವು ಸುಗಮವಾಗಿರಲಿಲ್ಲ. ಲೂಥರ್ ಟಿಬೆಟ್ಸ್ ಎಂಬವರು ಅವರ ಮೂರನೆಯ ಪತಿ. ಲೂಥರ್ ಅವರು ನ್ಯಾಯದ ಪಕ್ಷಪಾತಿಗಳಾದರೂ ಬಹಳ ಹಟಮಾರಿಗಳು, ವ್ಯಾಜ್ಯಪ್ರಿಯರು. ಅಮೆರಿಕಾದ ಅಂತರ್ಯುದ್ಧವು 1865ರಲ್ಲಿ ಮುಗಿದ ಬಳಿಕ ಈ ದಂಪತಿಗಳು ದಕ್ಷಿಣದ ವರ್ಜೀನಿಯಾ ಪ್ರಾಂತದ ಫ್ರೆಡರಿಕ್ಸ್‌ಬರ್ಗ್ ಎಂಬಲ್ಲಿಗೆ ಹೋಗಿ ನೆಲಸಿದರು. ಆಗತಾನೆ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರ ಪಕ್ಷವನ್ನು ಅವರು ವಹಿಸಿದುದು ಅಲ್ಲಿಯ ಬಿಳಿಯ ಜನರಿಗೆ ಸಹನೆಯಾಗಲಿಲ್ಲ. ದಂಪತಿಗಳು ಆ ಊರನ್ನು ಬಿಡಬೇಕಾಯಿತು. ಮುಂದಿನ ನೆಲೆ ರಾಜಧಾನಿಯಾದ ವಾಷಿಂಗ್ಟನ್ ನಗರ.

ತಾಯಂದಿರೇ, ವಾಷಿಂಗ್ಟನ್ನಿನಲ್ಲಿ 1871ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನಡೆದ ಒಂದು ಸಂಗತಿಯನ್ನು ನೀವು ಗಮನವಿಟ್ಟು ಕೇಳಬೇಕು. ಸುಮಾರು 70 ಮಂದಿ ಹೆಂಗಸರು ಒಟ್ಟಾಗಿ ಮತದಾರರ ಪಟ್ಟಿಯನ್ನು ಬರೆಯುವ ಕಚೇರಿಗೆ ನಡೆದುಹೋಗಿ, ತಮ್ಮ ಹೆಸರುಗಳನ್ನೂ ಪಟ್ಟಿಯಲ್ಲಿ ಸೇರಿಸಬೇಕೆಂದು ಕೇಳಿದರು. ಹುಟ್ಟಿನಿಂದ ದಾಸನಾಗಿದ್ದು, ತಪ್ಪಿಸಿಕೊಂಡು ಬಂದು, ತನ್ನ ವಾಗ್ಮಿತೆಯಿಂದ ಜಗತ್ತಿನ ಗೌರವಕ್ಕೆ ಪಾತ್ರನಾದ ಫ್ರೆಡರಿಕ್ ಡಗ್ಲಸ್ ಎಂಬ ಮಹಾಪುರುಷನು ಅವರಿಗೆ ಬೆಂಬಲವಾಗಿ ಜೊತೆಯಲ್ಲಿದ್ದನು. ಆ ಹೆಂಗಸರಲ್ಲಿ ಎಲೈಜಾ ಟಿಬೆಟ್ಸ್ ಅಮ್ಮನವರೂ ಒಬ್ಬರು. ಅಧಿಕಾರಿಗಳು ನಿರಾಕರಿಸಿದರು. ಹೆಂಗಸರು ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯವೂ ಅವರ ಪಕ್ಷವನ್ನು ಎತ್ತಿಹಿಡಿಯಲಿಲ್ಲ. ಕ್ಯಾಲಿಫೋರ್ನಿಯಾದ ಸ್ತ್ರೀಯರಿಗೆ ಮತದಾನದ ಹಕ್ಕು ಬಂದುದು 1911ರಲ್ಲಿ; ಇಡಿಯ ದೇಶದಲ್ಲಿ ಸ್ತ್ರೀಯೆಂಬ ಕಾರಣದಿಂದ ಮತವನ್ನು ನಿರಾಕರಿಸಬಾರದೆಂದು ಸಂವಿಧಾನದ ತಿದ್ದುಪಡಿಯಾದುದು 1920ರಲ್ಲಿ. ಅಷ್ಟುಹೊತ್ತಿಗೆ ಟಿಬೆಟ್ಸ್ ಅಮ್ಮನವರು ಇಹಲೋಕವನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ತಾವು ನೆಟ್ಟ ಆ ಮರದ ಹಣ್ಣನ್ನು ಅವರು ತಿನ್ನಲಿಲ್ಲ.

ಇನ್ನೊಂದು ಮರದ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ಹಣ್ಣಿನ ಕುಲಗೋತ್ರವನ್ನು ಸ್ವಲ್ಪ ತಿಳಿಯಬೇಕು. ಕಿತ್ತಳೆಯ ಜಾತಿಯ ಹಣ್ಣುಗಳ ಮೂಲಸ್ಥಾನವು ನಮ್ಮ ದೇಶದ ಈಶಾನ್ಯಭಾಗದಿಂದ ಬರ್ಮಾ ಚೀನಾಗಳವರೆಗೆ ಹಬ್ಬಿದ ಬೆಟ್ಟಗಾಡು. ಸಂಸ್ಕೃತದಲ್ಲಿ ಇದಕ್ಕೆ ನಾರಂಗವೆಂದು ಹೆಸರು. ಆ ಶಬ್ದವು ದ್ರಾವಿಡ ಭಾಷೆಗಳಿಂದಲೇ ಸಂಸ್ಕೃತಕ್ಕೆ ಹೋಗಿರಬೇಕೆಂದು ಭಾಷಾಶಾಸ್ತ್ರಜ್ಞರಲ್ಲಿ ಅನೇಕರ ಅಭಿಪ್ರಾಯ. ನಾರಂಗವು ಪಾರಸಿಯಲ್ಲಿ ನಾರಂಗ್ ಆಯಿತು, ಅರಬ್ಬಿಯಲ್ಲಿ ನಾರಂಜ್ ಆಯಿತು, ಸ್ಪೇನ್ ದೇಶದಲ್ಲಿ ನರಂಜ, ಪೋರ್ತುಗಲ್ಲಿನಲ್ಲಿ ಲರಂಜ, ಕೊನೆಗೆ ಇಂಗ್ಲಿಷಿನಲ್ಲಿ ಆರೆಂಜ್ ಆಯಿತು. ಹೆಸರು ಪಯಣಿಸಿದ ದಾರಿಯಲ್ಲಿಯೇ ಹಣ್ಣೂ ಪಯಣಿಸಿತು. ನಾವು ಕೊಡಗಿನಿಂದ ತರಿಸಿ ತಿನ್ನುವ ಸಡಿಲ ಸಿಪ್ಪೆಯ ಕಿತ್ತಳೆ ಒಂದು ಬಗೆ. ಸಿಪ್ಪೆಯು ತೊಳೆಗೆ ಬಿಗಿಯಾಗಿ ಅಂಟಿರುವ, ಮೋಸಂಬಿಯ ಬಳಗಕ್ಕೆ ಸೇರಿದ ಸಿಹಿಕಿತ್ತಳೆ ಇನ್ನೊಂದು ಬಗೆ. ಈ ಎರಡನೆಯದು ಬಹು ಪೂರ್ವದಲ್ಲಿ ಚಕ್ಕೋತಕ್ಕೂ ಕಿತ್ತಳೆಗೂ ನಡೆದ ಸಂಕರದಿಂದ ಹುಟ್ಟಿದುದೆಂದು ಈಗಿನ ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅದನ್ನು ಪೋರ್ತುಗೀಸರು ಬ್ರೆಜಿಲ್ ದೇಶಕ್ಕೆ ಕೊಂಡೊಯ್ದರು.

ಬ್ರೆಜಿಲ್ ದೇಶದ ಬಹಿಯಾ ಎಂಬಲ್ಲಿ, ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಒಂದು ಸಿಹಿಕಿತ್ತಳೆಯ ಮರದ ಕೊಂಬೆಯು ತನ್ನ ಜಾತಿಗಿಲ್ಲದ ಗುಣವನ್ನು ತೋರಿಸಿತೆಂದು ತಿಳಿದುಬರುತ್ತದೆ. ಅದರ ಹಣ್ಣಿನ ತುದಿಯಲ್ಲಿ, ಹೊಕ್ಕುಳಿನಂತಹ ಕುಳಿಯೊಳಗೆ, ಇನ್ನೊಂದು ಪುಟ್ಟ ಹಣ್ಣು ಅಡಗಿರುತ್ತದೆ. ಒಳಗೆ ಬೀಜವೇ ಇಲ್ಲ. ಹೂವಿನಲ್ಲಿ ಪರಾಗವಿಲ್ಲ. ಬೀಜವಿಲ್ಲದುದರಿಂದ ತಿನ್ನುವವರಿಗೆ ಸುಖ. ಆದರೆ ಆ ಮರಕ್ಕೆ ತನ್ನಿಂದ ತಾನೇ ಸಂತಾನವಿಲ್ಲ. ಯಾವನಾದರೊಬ್ಬನು ಅದರ ರೆಂಬೆಯಿಂದ ಒಂದು ಕಣ್ಣನ್ನು ಕೊಯ್ದು, ಬೇರೆ ಸಸಿಯ ತೊಗಟೆಯನ್ನು ಸೀಳಿ, ಒಳಗೆ ಇಟ್ಟು, ಕಟ್ಟಿ, ಕಾಯಬೇಕು. ಇದನ್ನೇ ಕಣ್ಣುಕಸಿ ಎನ್ನುತ್ತೇವೆ. ಮನುಷ್ಯನ ಕೈ ಒಂದು ತಲೆಮಾರಿನ ಕಾಲ ಸುಮ್ಮನಾದರೆ ಆ ವಂಶವೇ ಲಯವಾಗುತ್ತದೆ. ಬಹಿಯಾದಲ್ಲಿ ಆ ಕೊಂಬೆಯನ್ನು ಮೊದಲು ಗುರುತಿಸಿ ಕಸಿಮಾಡಿ ಉಳಿಸಿದ ತೋಟಿಗರ ಹೆಸರುಗಳು ಜಗತ್ತಿನ ಬಾಯಲ್ಲಿಲ್ಲ. ಆ ಕಾಲದ ಬ್ರೆಜಿಲ್ಲಿನಲ್ಲಿ ಹೊಲತೋಟಗಳ ದುಡಿಮೆಯನ್ನು ಹೆಚ್ಚಾಗಿ ಹೊತ್ತವರು ಆಫ್ರಿಕದಿಂದ ತಂದ ದಾಸಜನರು. ಟಿಬೆಟ್ಸ್ ಅಮ್ಮನವರಿಗೆ ನಾವು ಸಲ್ಲಿಸುವ ಗೌರವದಲ್ಲಿ ಮೊದಲ ಪಾಲು ಆ ಹೆಸರಿಲ್ಲದ ಕೈಗಳಿಗೆ ಸಲ್ಲಬೇಕು.

ಎರಡನೆಯ ಪಾಲು ವಿಲಿಯಂ ಸಾಂಡರ್ಸ್ ಎಂಬವರದು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ವಾಷಿಂಗ್ಟನ್ನಿನಲ್ಲಿ ಸರಕಾರದ ಕೃಷಿ ಇಲಾಖೆಯ ಪ್ರಯೋಗೋದ್ಯಾನಕ್ಕೆ ಮೇಲ್ವಿಚಾರಕರಾಗಿದ್ದ ಈ ತೋಟಗಾರಿಕಾ ಪಂಡಿತರು, ಬಹಿಯಾದಿಂದ ಬಂದ ಒಂದು ಪತ್ರದಲ್ಲಿ ಬೀಜವಿಲ್ಲದ ದೊಡ್ಡ ಕಿತ್ತಳೆಯ ವರ್ಣನೆಯನ್ನು ಕೇಳಿ ಗಿಡಗಳನ್ನು ಕಳುಹಿಸುವಂತೆ ಬರೆಸಿದರು. ಮೊದಲ ಸಲ ಬಂದ ಗಿಡಗಳೆಲ್ಲ ದಾರಿಯಲ್ಲಿಯೇ ಸತ್ತುಹೋದವು. ಅವರು ನಿರಾಶರಾಗದೆ, ಕಸಿಯನ್ನು ಹೇಗೆ ಮಾಡಬೇಕು, ಬೇರನ್ನು ಹೇಗೆ ಕಟ್ಟಬೇಕು ಎಂಬುದನ್ನು ವಿವರಿಸಿ ಪುನಃ ಬರೆದರು. 1870ರಲ್ಲಿ 12 ಗಿಡಗಳು ಜೀವಸಹಿತ ಬಂದು ತಲಪಿದವು. ಗಾಜಿನ ಮನೆಯಲ್ಲಿ ಅವನ್ನು ಬೆಳೆಸಿ, ಅವುಗಳ ಕಣ್ಣುಗಳಿಂದ ಬೇರೆ ಸಸಿಗಳನ್ನು ಮಾಡಿ, ಕೇಳಿದವರಿಗೆ ಕೊಡಲು ಅವರು ಸಿದ್ಧರಾದರು.

ಅದೇ 1870ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ರಿವರ್‌ಸೈಡ್ ಎಂಬ ಹೊಸ ಊರು ಹುಟ್ಟಿತು. ದಾಸ್ಯವಿರೋಧಿಗಳಲ್ಲಿ ಹೆಸರಾಂತ ಜಾನ್ ನಾರ್ತ್ ಎಂಬವರು, ವಿದ್ಯೆಗೂ ಸದಾಚಾರಕ್ಕೂ ಬೆಲೆಕೊಡುವ ಕುಟುಂಬಗಳನ್ನು ಸೇರಿಸಿ ಆ ವಸತಿಯನ್ನು ಸ್ಥಾಪಿಸಿದರು. ಅಲ್ಲಿ ವರ್ಷಕ್ಕೆ ಸುಮಾರು 10 ಅಂಗುಲ ಮಳೆ, ಅದೂ ಚಳಿಗಾಲದಲ್ಲಿ. ಕಾಲುವೆ ತೋಡಿ ಹೊಳೆಯ ನೀರು ತಂದಲ್ಲದೆ ಬೆಳೆಯಿಲ್ಲ. ಲೂಥರ್ ಟಿಬೆಟ್ಸ್ ಅವರು ಮೊದಲು ಅಲ್ಲಿಗೆ ಹೋಗಿ ನೆಲವನ್ನು ಹಿಡಿದರು. ಎಲೈಜಾ ಅವರು ಬಳಿಕ ಹೋಗಿ ಸೇರಿದರು. ಐವತ್ತರ ಹತ್ತಿರದ ವಯಸ್ಸು, ಹೊಸ ನಾಡು, ಮರವಿಲ್ಲದ ಬಯಲು. ಏನು ನೆಟ್ಟರೆ ಬದುಕೀತೆಂಬುದು ಆ ಊರಿನ ಪ್ರತಿಯೊಂದು ಮನೆಯ ಪ್ರಶ್ನೆಯಾಗಿತ್ತು. ಕಿತ್ತಳೆಯೆಂಬುದು ಆ ಪ್ರಾಂತಕ್ಕೆ ಅಪರಿಚಿತವಾಗಿರಲಿಲ್ಲ. ಸ್ಪೇನಿನ ಪಾದ್ರಿಗಳು 1804ರಷ್ಟು ಹಿಂದೆಯೇ ಸ್ಯಾನ್ ಗೇಬ್ರಿಯಲ್ ಎಂಬಲ್ಲಿ ತೋಟ ಹಾಕಿದ್ದರು. ಆದರೆ ಬೀಜದಿಂದ ಬೆಳೆದ ಆ ಹಣ್ಣುಗಳು ಬಹುಮಟ್ಟಿಗೆ ದಪ್ಪ ಸಿಪ್ಪೆಯವು, ಬೀಜ ತುಂಬಿದವು, ಒಂದರಂತೆ ಇನ್ನೊಂದಿರದವು.

1873ರಲ್ಲಿ ವಾಷಿಂಗ್ಟನ್ನಿನಿಂದ ಗಿಡಗಳು ಬಂದವು. ಇಲ್ಲಿಯೇ ಐತಿಹ್ಯದ ಕಾರುಬಾರು ಆರಂಭವಾಗುವುದು. ಗಿಡಗಳು ಎರಡಲ್ಲ, ಮೂರಿದ್ದವು, ಒಂದನ್ನು ಹಸು ತುಳಿದುಹಾಕಿತು ಎನ್ನುತ್ತಾರೆ. ಲೂಥರ್ ಅವರು ಬಂಡಿ ಹೂಡಿಕೊಂಡು ದೂರದ ಲಾಸ್ ಏಂಜಲ್ಸ್‌ಗೆ ಹೋಗಿ ಅವನ್ನು ತಂದರು ಎನ್ನುತ್ತಾರೆ. ಕಾಲುವೆಯ ಒಡೆಯರೊಡನೆ ಗಂಡನ ವ್ಯಾಜ್ಯದಿಂದ ನೀರು ಸಿಕ್ಕದೆ, ಅಮ್ಮನವರು ಪಾತ್ರೆ ತೊಳೆದ ನೀರನ್ನೇ ಹೊತ್ತು ಗಿಡಗಳಿಗೆ ಎರೆದರು ಎನ್ನುತ್ತಾರೆ. ಇವುಗಳಲ್ಲಿ ಯಾವುದೂ ಅಸಂಭವವಲ್ಲ. ಮುಸುರೆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿಯುವ ನಮ್ಮ ತಾಯಂದಿರಿಗೆ ಕೊನೆಯ ಮಾತನ್ನು ನಂಬುವುದು ಕಷ್ಟವೇನಲ್ಲ. ಆದರೂ ಇವೆಲ್ಲ ಎನ್ನುತ್ತಾರೆ ಎಂಬ ಮಾತಿನ ಆಸರೆಯಲ್ಲಿಯೇ ನಿಂತಿವೆ.

ಇದಕ್ಕಿಂತಲೂ ಗುರುತರವಾದ ವಿವಾದವೊಂದಿದೆ. ಹಣ್ಣಿಗೆ ಬೆಲೆ ಬಂದ ಮೇಲೆ, ಇದನ್ನು ತಂದವರು ಯಾರು, ಗಂಡನೋ ಹೆಂಡತಿಯೋ ಎಂಬ ಚರ್ಚೆ ಎದ್ದಿತು. ಆ ಕೀರ್ತಿಯು ಲೂಥರ್ ಅವರದೇ ಎಂದು ವಾದಿಸಿದವರಿದ್ದರು. ಮನೆ ಗಂಡಸಿನದು, ನೆಲ ಗಂಡಸಿನದು, ಆದ್ದರಿಂದ ಗಿಡವೂ ಗಂಡಸಿನದೆಂಬ ಅನುಮಾನವು ಲೋಕದಲ್ಲಿ ಬಹಳ ಸುಲಭವಾಗಿ ಹುಟ್ಟುತ್ತದೆ. ತರ್ಕಶಾಸ್ತ್ರದಲ್ಲಿ ಇಂತಹ ಹೇತುವನ್ನು ಹೇತ್ವಾಭಾಸವೆನ್ನುತ್ತಾರೆ. ಹೊರಗೆ ಹೇತುವಿನ ವೇಷ, ಒಳಗೆ ಬಲವಿಲ್ಲ. ಇಲ್ಲಿ ಆಪ್ತವಾಕ್ಯವನ್ನು ಹುಡುಕಬೇಕು. ಗಿಡವನ್ನು ಕೊಟ್ಟವರಿಗಿಂತ ಆಪ್ತರು ಯಾರು? ಸಾಂಡರ್ಸ್ ಅವರು ತಾವೇ ಹೇಳಿದ್ದಾರೆ: ವಾಷಿಂಗ್ಟನ್ನಿನಲ್ಲಿದ್ದ ಟಿಬೆಟ್ಸ್ ಅಮ್ಮನವರು ತಮ್ಮ ಬಳಿಗೆ ಬಂದು ಈ ಗಿಡಗಳು ತಮ್ಮ ಸ್ಥಳಕ್ಕೆ ಬೇಕೆಂದು ಆತುರದಿಂದ ಕೇಳಿದರು, ತಾವು ಎರಡನ್ನು ಅಂಚೆಯಲ್ಲಿ ಕಳುಹಿಸಿದೆವು. ಕೊಟ್ಟವರಿಗೆ ಆ ದಂಪತಿಗಳ ಕೀರ್ತಿಯ ಜಗಳದಲ್ಲಿ ಯಾವ ಪಾಲೂ ಇಲ್ಲ. ಸುಳ್ಳು ಹೇಳುವ ಕಾರಣವೂ ಇಲ್ಲ. ಆದಕಾರಣ ಕೇಳಿದವರು ಅಮ್ಮನವರೇ ಎಂಬುದು ಸಿದ್ಧವಾಯಿತು.

ಕೇಳುವುದೆಂಬುದು ಸಣ್ಣ ಕೆಲಸವೆಂದು ಯಾರೂ ತಿಳಿಯಬಾರದು. ಮತದಾರರ ಪಟ್ಟಿಯ ಕಚೇರಿಗೆ ಹೋಗಿ ನನ್ನ ಹೆಸರನ್ನೂ ಬರೆಯಿರಿ ಎಂದು ಕೇಳಿದವರೂ, ಸರಕಾರದ ಉದ್ಯಾನಕ್ಕೆ ಹೋಗಿ ನನಗೂ ಆ ಗಿಡ ಕೊಡಿರಿ ಎಂದು ಕೇಳಿದವರೂ ಒಬ್ಬರೇ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ತನಗೆ ಸಲ್ಲಬೇಕಾದುದನ್ನು ನೇರವಾಗಿ ಹೋಗಿ ಕೇಳುವ ಅಭ್ಯಾಸವನ್ನು ಆ ಮೊದಲ ಬಾಗಿಲ ಮುಂದೆ ಸಂಪಾದಿಸಿದವರಾದುದರಿಂದಲೇ ಎರಡನೆಯದನ್ನು ತಟ್ಟಲು ಅವರಿಗೆ ಸಂಕೋಚವಾಗಲಿಲ್ಲವೆಂದು ನನ್ನ ಅನಿಸಿಕೆ.

ಸಾಂಡರ್ಸ್ ಅವರು ಇದೇ ಗಿಡಗಳನ್ನು ಫ್ಲಾರಿಡಾ ಪ್ರಾಂತದವರಿಗೂ ಕೊಟ್ಟಿದ್ದರು. ಅಲ್ಲಿಯ ಬಿಸಿಲು ಮಳೆಗಳ ತೇವದಲ್ಲಿ ಮರಗಳು ಬೆಳೆದರೂ ಫಲವು ಸಾಲದಾಯಿತು. ರಿವರ್‌ಸೈಡಿನ ಒಣಹವೆ, ಹಗಲಿನ ಬಿಸಿಲು, ರಾತ್ರಿಯ ತಂಪು ಇವು ಆ ಜಾತಿಗೆ ಹೇಳಿಮಾಡಿಸಿದಂತೆ ಒದಗಿದವು. ಕೆಲವೇ ವರ್ಷಗಳಲ್ಲಿ ಎರಡು ಮರಗಳೂ ಹಣ್ಣು ಬಿಟ್ಟವು. ರುಚಿ ನೋಡಿದ ನೆರೆಯವರು ಬೆರಗಾದರು. 1879ರಲ್ಲಿ ರಿವರ್‌ಸೈಡಿನಲ್ಲಿ ನಡೆದ ಫಲಪ್ರದರ್ಶನದಲ್ಲಿ ಈ ಹಣ್ಣಿಗೆ ಪ್ರಥಮ ಬಹುಮಾನ ಬಂದಿತು. ಅಲ್ಲಿಂದ ಮುಂದೆ ಕಸಿಗಾಗಿ ಕಣ್ಣುಗಳನ್ನು ಕೇಳುವವರು ಅಮ್ಮನವರ ಅಂಗಳಕ್ಕೆ ಸಾಲುಗಟ್ಟಿದರು. ಕಣ್ಣುಗಳನ್ನು ಅವರು ಮಾರಿದರು; ಕದ್ದವರೂ ಇದ್ದರೆಂದು, ಬೇಲಿ ಹಾಕಬೇಕಾಯಿತೆಂದು ಹೇಳುತ್ತಾರೆ. ಗಿಡವು ವಾಷಿಂಗ್ಟನ್ನಿನಿಂದ ಬಂದುದರಿಂದ ಹಣ್ಣಿಗೆ ವಾಷಿಂಗ್ಟನ್ ನೇವಲ್ ಎಂಬ ಹೆಸರು ನಿಂತಿತು.

ಈ ಹಣ್ಣು ಒಂದು ಪ್ರಾಂತದ ಭಾಗ್ಯವನ್ನೇ ಬದಲಿಸಿದ ಬಗೆಯನ್ನು ತೋಟಗಾರ ಮಹಾಶಯರು ಗಮನಿಸಬೇಕು. ಇದು ಚಳಿಗಾಲದಲ್ಲಿ ಹಣ್ಣಾಗುವುದು; ಪೂರ್ವಭಾಗದ ನಗರಗಳು ಹಿಮದಲ್ಲಿ ಮುಳುಗಿ ಹಸಿಹಣ್ಣು ಸಿಕ್ಕದ ಕಾಲವದು. ಹಣ್ಣಾದ ಮೇಲೂ ಬಹುದಿನ ಮರದ ಮೇಲೆಯೇ ಕೆಡದೆ ನಿಲ್ಲುವುದು. ಸಿಪ್ಪೆಯು ಗಟ್ಟಿಯಾದುದರಿಂದ ದೂರದ ಪ್ರಯಾಣವನ್ನು ತಾಳುವುದು. ರಸವನ್ನು ಹಿಂಡಿ ಇಟ್ಟರೆ ಕಹಿಯಾಗುವುದೇನೋ ನಿಜ; ಆದರೆ ಕೈಯಲ್ಲಿ ಸುಲಿದು ತಿನ್ನಲು ಇದಕ್ಕೆ ಸಮನಿಲ್ಲ. ಇದೇ ಕಾಲಕ್ಕೆ ರೈಲುದಾರಿಯೂ ಬಂದಿತು; 1876ರಲ್ಲಿ ಲಾಸ್ ಏಂಜಲ್ಸ್ ನಗರಕ್ಕೆ ಉತ್ತರದಿಂದ ಹಳಿಗಳು ಸೇರಿದವು, ಮುಂದಿನ ದಶಕದಲ್ಲಿ ಪೂರ್ವದಿಂದ ನೇರವಾದ ದಾರಿಗಳೂ ಮಂಜುಗಡ್ಡೆಯಿಟ್ಟ ಬಂಡಿಗಳೂ ಒದಗಿದವು. 1882ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ನಿಂಬೆ ಜಾತಿಯ ಮರಗಳು 5 ಲಕ್ಷವನ್ನು ಮೀರಿದ್ದವು. ಅವುಗಳಲ್ಲಿ ಹೆಚ್ಚುಕಡಮೆ ಅರ್ಧ ರಿವರ್‌ಸೈಡಿನಲ್ಲಿಯೇ ಇದ್ದವು. 1893ರಲ್ಲಿ ಬೆಳೆಗಾರರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಅದೇ ಮುಂದೆ ಸನ್‌ಕಿಸ್ಟ್ ಎಂಬ ಹೆಸರಿನಿಂದ ಪ್ರಖ್ಯಾತವಾಯಿತು. 1895ರಲ್ಲಿ ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಇಡಿಯ ದೇಶದಲ್ಲಿಯೇ ಅತ್ಯಂತ ಶ್ರೀಮಂತವಾದ ಊರು ರಿವರ್‌ಸೈಡ್ ಎಂಬ ಹೆಸರು ಬಂದಿತು.

ಸಂಪತ್ತಿನ ಮಾತನ್ನು ಹೇಳಿದ ಮೇಲೆ ಅದು ಯಾರಿಗೆ ದಕ್ಕಿತೆಂಬುದನ್ನೂ ಹೇಳದಿದ್ದರೆ ಅದು ಅರ್ಧಸತ್ಯವಾದೀತು. ಆ ತೋಟಗಳಲ್ಲಿ ಹಣ್ಣು ಬಿಡಿಸಿ ಪೆಟ್ಟಿಗೆಗಳಿಗೆ ತುಂಬಿದವರು ಮೊದಲಿಗೆ ಬಹುಮಂದಿ ಚೀನೀಯರು. ಕಿತ್ತಳೆಯ ಕೃಷಿಯನ್ನು ಸಾವಿರಾರು ವರ್ಷಗಳಿಂದ ಬಲ್ಲ ನಾಡಿನ ಜನರು ಅವರು. ಅಂತಹ ಜನರು ದೇಶದೊಳಗೆ ಬರಬಾರದೆಂದು 1882ರಲ್ಲಿಯೇ ಕಾನೂನಾಯಿತು. ಅವರ ತರುವಾಯ ಜಪಾನೀಯರು, ಮೆಕ್ಸಿಕೋದವರು ಆ ದುಡಿಮೆಯನ್ನು ಹೊತ್ತರು. ಆ ನೆಲದ ಮೂಲನಿವಾಸಿಗಳಾದ ಕಹುವಿಲಾ ಮೊದಲಾದ ಜನಾಂಗಗಳಿಗೆ ಹಿಂದಿನ ನೆಲವೂ ನೀರೂ ಉಳಿಯಲಿಲ್ಲ. ಸಮಾನತೆಯ ಮಾತನಾಡಿದವರು ಕಟ್ಟಿದ ಊರಿನಲ್ಲಿಯೂ ಇಷ್ಟು ಅಸಮಾನತೆ ಬೆಳೆಯಿತು.

ಇನ್ನು ಟಿಬೆಟ್ಸ್ ದಂಪತಿಗಳಿಗೆ ಏನು ದಕ್ಕಿತು? ಕಣ್ಣುಗಳನ್ನು ಮಾರಿದ ಹಣ ಒಂದಿಷ್ಟು ಕಾಲ ಬಂದಿತು. ಒಂದು ಸಲ ಕಣ್ಣನ್ನು ಕೊಂಡವನ ತೋಟದಲ್ಲಿಯೇ ಸಾವಿರ ಕಣ್ಣುಗಳು ಹುಟ್ಟುವಾಗ ಮೂಲದ ಮರವನ್ನು ಯಾರು ಕೇಳುವರು? ಲೂಥರ್ ಅವರ ವ್ಯಾಜ್ಯಗಳು ಗಳಿಕೆಯನ್ನು ನುಂಗಿದವು. ಕೊನೆಗೆ ಸಾಲಕ್ಕೆ ಮನೆ ನೆಲಗಳೇ ಹೋದವು. ಎಲೈಜಾ ಅವರು 1898ರಲ್ಲಿ, ತಮ್ಮ ಮತದವರ ವಸತಿಯಾದ ಸಮರ್‌ಲೆಂಡ್ ಎಂಬ ಕಡಲತೀರದ ಊರಿನಲ್ಲಿ ಕಾಲವಾದರು. ಅವರ ಸಮಾಧಿಯು ರಿವರ್‌ಸೈಡಿನಲ್ಲಿದೆ. ಲೂಥರ್ ಅವರು 1902ರಲ್ಲಿ ಬಡವರಿಗಾಗಿ ಇದ್ದ ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಊರು ಸಿರಿವಂತವಾಯಿತು, ಆ ಸಿರಿಯ ಬೇರು ಇದ್ದ ಮನೆ ಬರಿದಾಯಿತು.

ಮರಗಳ ಕಥೆ ಮುಂದುವರಿಯಿತು. ಮನುಷ್ಯರಿಗೆ ಸಿಕ್ಕದ ಮರ್ಯಾದೆ ಮರಗಳಿಗೆ ಸಿಕ್ಕಿತು. ಒಂದು ಮರವನ್ನು 1902ರಲ್ಲಿ ಕಿತ್ತು ಊರಿನ ಮ್ಯಾಗ್ನೋಲಿಯಾ ಬೀದಿಯ ಕೂಡುದಾರಿಯಲ್ಲಿ ನೆಟ್ಟರು. ಇನ್ನೊಂದನ್ನು 1903ರಲ್ಲಿ ಊರಿನ ದೊಡ್ಡ ವಸತಿಗೃಹದ ಮುಂದೆ ನೆಡುವಾಗ ರಾಷ್ಟ್ರಾಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಗುದ್ದಲಿ ಹಿಡಿದು ಮಣ್ಣು ಹಾಕಿದರು. ವಿಧಿಯ ವಿನೋದವನ್ನು ನೋಡಿರಿ: ರಾಷ್ಟ್ರಾಧ್ಯಕ್ಷರು ನೆಟ್ಟ ಮರವು ಇಪ್ಪತ್ತು ವರ್ಷಗಳೊಳಗೆ ಸತ್ತುಹೋಯಿತು. ಬೀದಿಯ ಬದಿಯ ಮರವು ಉಳಿಯಿತು. 1920ರಲ್ಲಿ ಅದರ ಬಳಿ ಒಂದು ಶಿಲಾಫಲಕವನ್ನು ನಿಲ್ಲಿಸಿ, ಕೃಷಿ ಇಲಾಖೆಯು ಅದುವರೆಗೆ ತಂದ ಫಲಗಳಲ್ಲೆಲ್ಲ ಅತ್ಯಮೂಲ್ಯವಾದುದು ಇದೆಂದು ಎಲೈಜಾ ಟಿಬೆಟ್ಸ್ ಅವರ ಹೆಸರಿನಲ್ಲಿಯೇ ಬರೆಯಿಸಿದರು. ಮತದಾರರ ಪಟ್ಟಿಯಲ್ಲಿ ನಿರಾಕರಿಸಲ್ಪಟ್ಟ ಹೆಸರು ಕಲ್ಲಿನ ಮೇಲೆ ಬರೆಯಲ್ಪಟ್ಟಿತು. ಸ್ತ್ರೀಯರಿಗೆ ಮತವು ಬಂದ ವರ್ಷವೂ ಅದೇ. 1932ರಲ್ಲಿ ಆ ಮರವನ್ನು ಪ್ರಾಂತದ ಐತಿಹಾಸಿಕ ಸ್ಮಾರಕವೆಂದು ಘೋಷಿಸಿದರು. 2011ರಲ್ಲಿ ಊರಿನವರು ಅಮ್ಮನವರ ಕಂಚಿನ ಪ್ರತಿಮೆಯನ್ನೂ ನಿಲ್ಲಿಸಿದರು.

ಆ ಮರವು ಹೇಗೆ ಉಳಿಯಿತೆಂಬುದು ಬಹಳ ಸ್ವಾರಸ್ಯವಾದ ಸಂಗತಿ. ಬುಡದ ತೊಗಟೆ ಕೊಳೆಯುವ ರೋಗವು ತಗುಲಿ ಮರವು ಸೊರಗತೊಡಗಿದಾಗ, 1907ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾಗಿದ್ದ ಕಿತ್ತಳೆಯ ಸಂಶೋಧನಾಲಯದ ಪಂಡಿತರು 1918ರಲ್ಲಿ ಒಂದು ಉಪಾಯವನ್ನು ಮಾಡಿದರು. ಮರದ ಸುತ್ತ ಎಳೆಯ ಸಸಿಗಳನ್ನು ನೆಟ್ಟು, ಅವುಗಳ ತುದಿಗಳನ್ನು ಮರದ ಕಾಂಡದೊಳಗೆ ಕಸಿಮಾಡಿ ಕೂಡಿಸಿದರು. ಮುದಿಮರದ ಬೇರು ಸೋತರೂ ಎಳೆಯ ಬೇರುಗಳು ಅದಕ್ಕೆ ನೀರುಣಿಸಿದವು. ಮುದುಕರಿಗೆ ಮಕ್ಕಳು ಹೆಗಲು ಕೊಟ್ಟಂತೆ. 1951ರಲ್ಲಿ ಪುನಃ ಹೀಗೆಯೇ ಮಾಡಬೇಕಾಯಿತು. ಸಂಶೋಧನಾಲಯವು ಬೆಳೆದು 1954ರಲ್ಲಿ ಅಲ್ಲಿ ವಿಶ್ವವಿದ್ಯಾಲಯದ ಕಾಲೇಜೇ ಆರಂಭವಾಯಿತು. ಮರವು ನೆಟ್ಟು ಒಂದೂವರೆ ಶತಮಾನ ಕಳೆದರೂ ಬದುಕಿದೆ.

ಅದಕ್ಕೆ ಈಗ ಹೊಸದೊಂದು ಗಂಡಾಂತರವಿದೆ. ಒಂದು ಪುಟ್ಟ ಕೀಟವು ಎಲೆಯಿಂದ ಎಲೆಗೆ ಹಾರಿ ಹರಡುವ, ಹಣ್ಣು ಹಸಿರಾಗಿಯೇ ಉಳಿದು ಮರವು ಸಾಯುವ ಗ್ರೀನಿಂಗ್ ಎಂಬ ರೋಗವದು. ನಮ್ಮ ಕೊಡಗಿನ ಕಿತ್ತಳೆಯ ತೋಟಗಳನ್ನು ಕ್ಷೀಣಿಸುವಂತೆ ಮಾಡಿದ ರೋಗಗಳಲ್ಲಿ ಇದೂ ಒಂದೆಂಬುದನ್ನು ಬಲ್ಲವರು ಬಲ್ಲರು. 2012ರಲ್ಲಿ ಇದು ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಾಣಿಸಿಕೊಂಡಿತು. 2017ರಲ್ಲಿ ರಿವರ್‌ಸೈಡಿಗೂ ಬಂದಿತು. ಕೀಟವು ಸೋಂಕದಂತೆ ತಾಯಿಮರಕ್ಕೆ ಜಾಲದ ಮರೆಯನ್ನು ಕಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಲಕ್ಷಾಂತರ ವಾಷಿಂಗ್ಟನ್ ನೇವಲ್ ಮರಗಳು ಒಂದೇ ದೇಹದ ತುಂಡುಗಳಿದ್ದಂತೆ. ಒಂದರ ಬಲವೇ ಎಲ್ಲದರ ಬಲ, ಒಂದರ ದೌರ್ಬಲ್ಯವೇ ಎಲ್ಲದರ ದೌರ್ಬಲ್ಯ. ಒಂದೇ ಜಾತಿಯನ್ನು ನಂಬಿ ತೋಟವೆಲ್ಲ ತುಂಬುವ ನಮ್ಮ ರೈತಬಂಧುಗಳು ಈ ಮಾತನ್ನು ಮನಸ್ಸಿನಲ್ಲಿಡುವುದು ಲೇಸು.

ಮಹಾಜನಗಳೇ, ಈಗ ಲೆಕ್ಕವನ್ನು ಕೂಡಿಸೋಣ. ಈ ಹಣ್ಣನ್ನು ಟಿಬೆಟ್ಸ್ ಅಮ್ಮನವರು ಸೃಷ್ಟಿಸಲಿಲ್ಲ; ಪ್ರಕೃತಿಯು ಬಹಿಯಾದಲ್ಲಿ ಸೃಷ್ಟಿಸಿತು. ದೇಶಕ್ಕೆ ತಂದವರು ಸಾಂಡರ್ಸ್. ಊರಿಗೆಲ್ಲ ಹಬ್ಬಿಸಿದವರು ನೆರೆಯ ಬೆಳೆಗಾರರು. ದುಡಿದವರು ಎಷ್ಟೋ ಜನಾಂಗದ ಕೂಲಿಗಳು. ಹೀಗೆ ಒಬ್ಬೊಬ್ಬರ ಪಾಲನ್ನು ನ್ಯಾಯವಾಗಿ ಕೊಟ್ಟ ಮೇಲೆ ಅಮ್ಮನವರಿಗೆ ಉಳಿಯುವುದು ಮೂರು: ಕೇಳಿದುದು, ಸಾಯಗೊಡದೆ ಸಾಕಿದುದು, ಕೇಳಿಬಂದವರಿಗೆ ಕಣ್ಣು ಕೊಟ್ಟುದು. ಮುಸುರೆ ನೀರಿನ ಕಥೆ ನಿಜವಾಗಲಿ ಬಿಡಲಿ, ಮಳೆಯಿಲ್ಲದ ಬಯಲಿನಲ್ಲಿ ಎರಡು ಗಿಡಗಳು ದಿನವೂ ಯಾರೋ ನೀರೆರೆಯದೆ ಬದುಕಲಾರವೆಂಬುದಕ್ಕೆ ಯಾವ ಸಾಕ್ಷಿಯೂ ಬೇಡ. ಸಾಂಡರ್ಸ್ ಅವರು ಹಲವರಿಗೆ ಗಿಡ ಕೊಟ್ಟರು. ಪ್ರಾಂತವನ್ನು ಬದಲಿಸಿದುದು ಈ ಎರಡೇ. ಬೀಜವಿಲ್ಲದ ಮರದ ವಂಶವನ್ನು ಬೆಳೆಸಿದುದು ಈ ಮೂರು ಕೆಲಸಗಳು. ಇವುಗಳಲ್ಲಿ ಯಾವುದೂ ನಮ್ಮ ತಾಯಂದಿರಿಗೆ ಅಪರಿಚಿತವಲ್ಲ. ಹಿತ್ತಲಿನಲ್ಲಿ ಇಂತಹವನ್ನು ದಿನವೂ ಮಾಡುವವರು ಅವರೇ. ಊರಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ನಿಮ್ಮ ಊರಿನ ಒಳ್ಳೆಯ ಮಾವಿನ ಮರ, ಹಲಸಿನ ಮರ, ನಿಂಬೆಯ ಮರ ಯಾವುದೇ ಇರಲಿ, ಅದನ್ನು ಮೊದಲು ಯಾವ ಮನೆಯಿಂದ ಯಾರು ಕೇಳಿ ತಂದರು, ಯಾರು ನೀರೆರೆದರು ಎಂಬುದನ್ನು ಹಿರಿಯರಿರುವಾಗಲೇ ವಿಚಾರಿಸಿ ಬರೆದಿಡಿರಿ. ಬರೆಯುವಾಗ ಮನೆಯ ಯಜಮಾನನ ಹೆಸರನ್ನು ಅಭ್ಯಾಸಬಲದಿಂದ ಬರೆದುಬಿಡದೆ, ಕೊಟ್ಟವರನ್ನೂ ಕಂಡವರನ್ನೂ ಕೇಳಿ ನಿರ್ಣಯಿಸಿರಿ. ಆ ಮರದಿಂದ ಒಂದು ಕಸಿಯನ್ನು ನೆರೆಯವರಿಗೂ ಕೊಡಿರಿ. ನಿಮ್ಮಲ್ಲಿ ಅದು ಒಣಗಿದ ದಿನ ಮರಳಿ ತರಲು ಒಂದು ಮನೆಯಾದರೂ ಇರುವುದು.